ಗಡಿ ದಾಟಲಾಗದ ರೂಪಾಯಿ: ಪಿಎಲ್ 480 ಗೋಧಿಯ ಲೆಕ್ಕ ನಡೆದದ್ದು ಹೀಗೆ

1960ರ ದಶಕದಲ್ಲಿ ಧಾರವಾಡದಲ್ಲೋ ಮೈಸೂರಿನಲ್ಲೋ ಐನೂರು, ಸಾವಿರ ಪ್ರತಿ ಅಚ್ಚಾಗಿ ಮರುಮುದ್ರಣ ಕಾಣದೆ ಮರೆಯಾದ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ. ಅಂಥದ್ದೊಂದನ್ನು ಹುಡುಕುತ್ತ ಹೊರಟವರು ಊರಿನ ಗ್ರಂಥಾಲಯ, ಹಳೇ ಪುಸ್ತಕದ ಅಂಗಡಿ, ಲೇಖಕರ ಮನೆಯ ಅಟ್ಟ ಎಲ್ಲ ಮುಗಿಸಿ ಕೊನೆಗೆ ಷಿಕಾಗೊ ಅಥವಾ ಬರ್ಕ್ಲಿ ವಿಶ್ವವಿದ್ಯಾಲಯದ ಕ್ಯಾಟಲಾಗಿನ ಮುಂದೆ ಬಂದು ನಿಲ್ಲುವುದುಂಟು. ಪುಸ್ತಕ ಅಲ್ಲಿರುತ್ತದೆ. ಅದು ಅಲ್ಲಿಗೆ ಹೋಗಲು ಕಾರಣ ಕನ್ನಡದ ಮೇಲಿನ ಮೋಹಕ್ಕಿಂತ ಹೆಚ್ಚಾಗಿ ಗೋಧಿ. ಸರಿಯಾಗಿ ಹೇಳಬೇಕೆಂದರೆ, ಭಾರತಕ್ಕೆ ಗೋಧಿ ಮಾರಿ ಬಂದ ರೂಪಾಯಿಯನ್ನು ಅಮೆರಿಕ ತನ್ನ ದೇಶಕ್ಕೆ ಒಯ್ಯುವಂತಿರಲಿಲ್ಲ ಎಂಬ ಒಂದು ಷರತ್ತು.

ಭಾರತ–ಅಮೆರಿಕ ಸಂಬಂಧದ ಮಾತು ಬಂದರೆ ನಾಯಕರ ಭೇಟಿ, ಕೈಕುಲುಕಿದ ಫೋಟೊ, ಯುದ್ಧದ ಹೊತ್ತಿನ ಮುನಿಸು ಇವೇ ನೆನಪಾಗುತ್ತವೆ. ಆದರೆ ಸುಮಾರು ಮೂವತ್ತು ವರ್ಷ ಈ ಎರಡು ದೇಶಗಳ ನಡುವೆ ಯಾರು ಓದಲು ಹೋದರು, ಯಾವ ಪುಸ್ತಕ ಎತ್ತ ಸಾಗಿತು, ಯಾವ ಸಂಸ್ಥೆಗೆ ಕಾಸು ಬಂತು ಎಂಬುದರಲ್ಲಿ ಬಹುಪಾಲನ್ನು ತೀರ್ಮಾನಿಸಿದ್ದು ಒಂದು ಬ್ಯಾಂಕ್ ಖಾತೆ. ಆ ಖಾತೆ ಕೆಲಸ ಮಾಡಿದ ಬಗೆ ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಯಾರ ಅನುಕೂಲಕ್ಕೆ ಹುಟ್ಟಿದ ಕಾನೂನು

ಅಮೆರಿಕ ಸರ್ಕಾರ ತನ್ನ ರೈತರಿಗೆ ಬೆಂಬಲ ಬೆಲೆ ಕೊಡುತ್ತಿತ್ತು. ಮಾರುಕಟ್ಟೆಯಲ್ಲಿ ಆ ಬೆಲೆ ಸಿಗದಿದ್ದರೆ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಯೇ ಧಾನ್ಯವನ್ನು ತನ್ನ ಕಣಜಕ್ಕೆ ಇಳಿಸಿಕೊಳ್ಳುತ್ತಿತ್ತು. ಕೊರಿಯಾ ಯುದ್ಧ ಮುಗಿದು ಬೇಡಿಕೆ ಬಿದ್ದಾಗ ಕಣಜಗಳು ತುಂಬಿ ತುಳುಕಿದವು. ಮಾರೋಣವೆಂದರೆ ಕೊಳ್ಳಬೇಕಾದ ಏಷ್ಯಾದ ದೇಶಗಳ ಹತ್ತಿರ ಡಾಲರ್ ಇರಲಿಲ್ಲ. ಈ ಇಕ್ಕಟ್ಟಿಗೆ ಕಂಡುಕೊಂಡ ದಾರಿಯೇ 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ 480ನೇ ಸಾರ್ವಜನಿಕ ಕಾನೂನು, ಅಂದರೆ ಪಬ್ಲಿಕ್ ಲಾ 480, ಚುಟುಕಾಗಿ ಪಿಎಲ್ 480. ಡಾಲರ್ ಇಲ್ಲವೆ? ನಿಮ್ಮ ದುಡ್ಡಿನಲ್ಲೇ ಕೊಡಿ ಎಂಬುದು ಅದರ ತಿರುಳು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಆ ಕಾಲದಲ್ಲಿ ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ‘ಕೇರ್’ ಸಂಸ್ಥೆಯ ಗೋಧಿನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ ನೆನಪಿರುತ್ತದೆ. ಅದು ಇದೇ ಕಾನೂನಿನ ದಾನದ ಭಾಗ. ಸ್ವಯಂಸೇವಾ ಸಂಸ್ಥೆಗಳ ಮೂಲಕ ಪುಕ್ಕಟೆ ಬಂದದ್ದು. ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡು ಹಿಡಿದು ಕೊಂಡ ಅಮೆರಿಕದ ಗೋಧಿ ದಾನವಲ್ಲ, ವ್ಯಾಪಾರ. ಕಾನೂನಿನ ಒಂದನೇ ಅಧ್ಯಾಯದಡಿ ನಡೆದ ಮಾರಾಟ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ‘ಭಿಕ್ಷೆ’ ಎನ್ನುವವರೂ ‘ಉಪಕಾರ’ ಎನ್ನುವವರೂ ಇದ್ದಾರೆ. ಲೆಕ್ಕದ ಪುಸ್ತಕ ಇಬ್ಬರ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ.

ಒಂದು ಹಡಗಿನ ಲೆಕ್ಕ

ಭಾರತ ಒಂದನೇ ಅಧ್ಯಾಯದಡಿ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್ 29ರಂದು, ಸುಮಾರು 36 ಕೋಟಿ ಡಾಲರ್ ಮೊತ್ತಕ್ಕೆ. ಅದರಲ್ಲಿ 35 ಲಕ್ಷ ಟನ್ ಗೋಧಿ, 2 ಲಕ್ಷ ಟನ್ ಅಕ್ಕಿ, ಜೊತೆಗೆ ಹತ್ತಿ ಮತ್ತಿತರ ಸರಕು ಇದ್ದವು. 1960ರ ಮೇ 4ರಂದು ಆಹಾರ ಸಚಿವ ಎಸ್. ಕೆ. ಪಾಟೀಲ್ ಮತ್ತು ಐಸೆನ್‌ಹೋವರ್ ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದ ಒಪ್ಪಂದ ಇದಕ್ಕಿಂತ ಬಹಳ ದೊಡ್ಡದು: ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ, ಒಟ್ಟು 127.6 ಕೋಟಿ ಡಾಲರ್.

ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಹಡಗು ಹೊರಡುವುದಿಲ್ಲ. ಮೊದಲು ಅಮೆರಿಕದ ಕೃಷಿ ಇಲಾಖೆ ಇಷ್ಟು ಸರಕು, ಇಷ್ಟು ಮೊತ್ತ, ಇಂಥ ತಾರೀಖಿನೊಳಗೆ ಎಂದು ಖರೀದಿ ಅನುಮತಿ ಪತ್ರ ಕೊಡಬೇಕು. ಅದು ಕೈಗೆ ಬಂದ ಮೇಲೆ ವಾಷಿಂಗ್ಟನ್ನಿನಲ್ಲಿದ್ದ ಭಾರತದ ಸರಬರಾಜು ಕಚೇರಿ ಟೆಂಡರ್ ಕರೆಯುತ್ತಿತ್ತು. ಮಾರುತ್ತಿದ್ದವರು ಖಾಸಗಿ ಧಾನ್ಯ ವ್ಯಾಪಾರಿಗಳು. ಅವರಿಗೆ ಅಮೆರಿಕದ ಬ್ಯಾಂಕಿನಲ್ಲೇ ಡಾಲರಿನಲ್ಲಿ ಹಣ ಪಾವತಿಯಾಗುತ್ತಿತ್ತು. ಆ ಡಾಲರನ್ನು ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್ ತುಂಬಿಕೊಡುತ್ತಿತ್ತು. ಅಂದರೆ ಡಾಲರು ಅಮೆರಿಕದ ಒಂದು ಜೇಬಿನಿಂದ ಅಮೆರಿಕದ್ದೇ ಇನ್ನೊಂದು ಜೇಬಿಗೆ ಹೋಯಿತು, ಸಮುದ್ರ ದಾಟಲಿಲ್ಲ. ಸರಕಿನಲ್ಲಿ ಕನಿಷ್ಠ ಅರ್ಧವನ್ನು ಅಮೆರಿಕದ ಬಾವುಟವಿರುವ ಹಡಗಿನಲ್ಲೇ ಸಾಗಿಸಬೇಕೆಂದು 1954ರ ಇನ್ನೊಂದು ಕಾನೂನು ಹೇಳುತ್ತಿತ್ತು. ಆ ಹಡಗುಗಳ ಬಾಡಿಗೆ ದುಬಾರಿ. ಹೆಚ್ಚುವರಿ ಬಾಡಿಗೆಯನ್ನು ಅಮೆರಿಕ ಸರ್ಕಾರವೇ ಹೊರುತ್ತಿತ್ತು. ರೈತನಿಗೂ ಹಡಗಿನ ಯಜಮಾನನಿಗೂ ಇದು ಒಳ್ಳೆಯ ಕಾನೂನೇ.

ಸಣ್ಣ ಅಕ್ಷರದಲ್ಲಿ ಬೇರೆ ಷರತ್ತುಗಳೂ ಇದ್ದವು. ಈ ಗೋಧಿಯನ್ನು ಬೇರೆ ದೇಶಕ್ಕೆ ಮಾರುವಂತಿಲ್ಲ. ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳ ವ್ಯಾಪಾರ ಕೆಡಬಾರದೆಂದು, ಎಂದಿನಂತೆ ಕಾಸು ಕೊಟ್ಟು ಕೊಳ್ಳುವ ಒಂದಿಷ್ಟು ಧಾನ್ಯವನ್ನು ಹಾಗೇ ಕೊಳ್ಳುತ್ತಿರಬೇಕು.

ಇತ್ತ ಭಾರತ ಸರ್ಕಾರ ಅಷ್ಟೇ ಮೌಲ್ಯದ ರೂಪಾಯಿಯನ್ನು ಭಾರತದಲ್ಲೇ, ಅಮೆರಿಕ ಸರ್ಕಾರದ ಹೆಸರಿನ ಖಾತೆಗೆ ಜಮೆ ಮಾಡಬೇಕು. ಲೆಕ್ಕ ತಿಳಿಯಲೆಂದು ಹತ್ತು ಸಾವಿರ ಟನ್ನಿನ ಒಂದು ಹಡಗು ತೆಗೆದುಕೊಳ್ಳೋಣ. ಟನ್ನಿಗೆ 60 ಡಾಲರ್ ಎಂದು ಹಿಡಿಯೋಣ (ಬೆಲೆ ಉದಾಹರಣೆಗೆ ಮಾತ್ರ). ಒಟ್ಟು 6 ಲಕ್ಷ ಡಾಲರ್. ಆಗ ಡಾಲರಿಗೆ 4 ರೂಪಾಯಿ 76 ಪೈಸೆ. ಜಮೆಯಾಗಬೇಕಾದದ್ದು 28 ಲಕ್ಷ 56 ಸಾವಿರ ರೂಪಾಯಿ.

ಈ ಹಣ ಅಮೆರಿಕದ್ದು ಹೌದು, ಆದರೆ ಮನಬಂದಂತೆ ಖರ್ಚು ಮಾಡುವಂತಿರಲಿಲ್ಲ. ಕಾನೂನಿನ 104ನೇ ಸೆಕ್ಷನ್ ಯಾವುದಕ್ಕೆ ಬಳಸಬಹುದೆಂದು ಅಕ್ಷರ ಹಾಕಿ ಪಟ್ಟಿ ಮಾಡಿತ್ತು; ಪ್ರತಿ ಒಪ್ಪಂದದಲ್ಲೂ ಪಾಲು ನಿಗದಿಯಾಗುತ್ತಿತ್ತು. 1956ರ ಒಪ್ಪಂದದಲ್ಲಿ ಸುಮಾರು ನೂರಕ್ಕೆ 65 ಭಾಗ ಭಾರತ ಸರ್ಕಾರಕ್ಕೇ ಅಭಿವೃದ್ಧಿ ಸಾಲ, 15 ಭಾಗ ಅನುದಾನ, 20 ಭಾಗ ಅಮೆರಿಕದ ಸ್ವಂತ ಖರ್ಚಿಗೆ. ನಮ್ಮ ಹಡಗಿಗೆ ಅದೇ ಪಾಲು ಹಚ್ಚಿದರೆ ಸಾಲ 18.56 ಲಕ್ಷ, ಅನುದಾನ 4.28 ಲಕ್ಷ, ಅಮೆರಿಕದ ಬಳಕೆಗೆ 5.71 ಲಕ್ಷ. ಮರುವರ್ಷ, ಅಂದರೆ 1957ರಲ್ಲಿ, ‘ಕೂಲಿ ಸಾಲ’ ಸೇರಿಕೊಂಡಿತು. ನಮ್ಮ ಕೂಲಿಗೂ ಇದಕ್ಕೂ ಸಂಬಂಧವಿಲ್ಲ. ಹೆರಾಲ್ಡ್ ಕೂಲಿ ಎಂಬ ಅಮೆರಿಕನ್ ಸಂಸದರು ತಂದ ತಿದ್ದುಪಡಿ ಅದು. ರೂಪಾಯಿಯಲ್ಲಿ ನಾಲ್ಕನೇ ಒಂದು ಭಾಗದವರೆಗೆ ಖಾಸಗಿ ಉದ್ಯಮಗಳಿಗೆ, ಮುಖ್ಯವಾಗಿ ಇಲ್ಲಿ ಕಾರ್ಖಾನೆ ಹೂಡುವ ಅಮೆರಿಕನ್ ಕಂಪನಿಗಳಿಗೆ, ಸಾಲ ಕೊಡಲು ಅದು ದಾರಿ ಮಾಡಿತು.

ಇದೇ ಕಾನೂನು ಬೇರೆ ಏಷ್ಯನ್ ದೇಶಗಳಲ್ಲಿ ಬೇರೆ ರೂಪ ತಾಳಿತು. ದಕ್ಷಿಣ ಕೊರಿಯಾದಲ್ಲಿ ಗೋಧಿಯಿಂದ ಬಂದ ಹಣದ ಹೆಚ್ಚಿನ ಪಾಲು ರಕ್ಷಣಾ ಬಜೆಟ್ಟಿಗೆ ಹೋಯಿತು. ಜಪಾನಿನಲ್ಲಿ ಅಡುಗೆ ತೋರಿಸುವ ವ್ಯಾನುಗಳು ಊರೂರು ಸುತ್ತಿ ಗೋಧಿಯ ರುಚಿ ಹತ್ತಿಸಿದವು. ಮುಂದೆ ಜಪಾನ್ ನಗದು ಕೊಟ್ಟು ಕೊಳ್ಳುವ ದೊಡ್ಡ ಗಿರಾಕಿಯಾಯಿತು. ಭಾರತದಲ್ಲಿ ಮಾತ್ರ ರೂಪಾಯಿ ಖರ್ಚಾಗದೆ ಗುಡ್ಡೆ ಬೀಳತೊಡಗಿತು.

ಗುಡ್ಡೆ ಬಿದ್ದದ್ದೇಕೆ?

ಒಂದು, ರೂಪಾಯಿಯನ್ನು ಡಾಲರಾಗಿ ಬದಲಿಸಿಕೊಳ್ಳುವಂತಿರಲಿಲ್ಲ. ಭಾರತದ ಹತ್ತಿರ ಡಾಲರ್ ಇದ್ದಿದ್ದರೆ ಈ ಏರ್ಪಾಡೇ ಬೇಕಿರಲಿಲ್ಲ. ಎರಡು, ದೆಹಲಿಯ ರಾಯಭಾರ ಕಚೇರಿಯ ಸಂಬಳ, ಬಾಡಿಗೆ, ಪ್ರಯಾಣ ಎಲ್ಲ ಸೇರಿಸಿದರೂ ಬರುತ್ತಿದ್ದ ಹಣದ ಮುಂದೆ ಅದು ಅಲ್ಪ. ಮೂರನೆಯದು ಅನೇಕರು ಮರೆಯುವ ಅಂಶ: ಭಾರತ ಸರ್ಕಾರಕ್ಕೆ ಕೊಟ್ಟ ಸಾಲವೂ ಅದರ ಬಡ್ಡಿಯೂ ರೂಪಾಯಿಯಲ್ಲೇ ಮರಳಿ ಅದೇ ಖಾತೆಗೆ ಬೀಳುತ್ತಿದ್ದವು. ಖರ್ಚು ಮಾಡಿದಷ್ಟೂ ಬಡ್ಡಿ ಸಮೇತ ಹಿಂದಿರುಗುವ ಹಣ ಅದು.

ಹಾಗೆಂದು ಎಲ್ಲೋ ನೋಟಿನ ಕಂತೆಗಳು ಪೇರಿಸಿದ್ದವೆಂದು ತಿಳಿಯಬಾರದು. ಖಾತೆಯ ಹಣವನ್ನು ಭಾರತ ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಲಾಗುತ್ತಿತ್ತು. ಸರ್ಕಾರ ಅದನ್ನು ಆಗಲೇ ಖರ್ಚು ಮಾಡಿರುತ್ತಿತ್ತು. ಉಳಿದದ್ದು ಪುಸ್ತಕದಲ್ಲಿನ ಒಂದು ಹಕ್ಕು. ಅರ್ಥಶಾಸ್ತ್ರಜ್ಞರ ತಲೆಬೇನೆ ಇದೇ ಆಗಿತ್ತು. ಸರ್ಕಾರ ಗೋಧಿ ಮಾರಿದಾಗ ಜನರ ಕೈಯಿಂದ ರೂಪಾಯಿ ಒಳಗೆ ಬರುತ್ತದೆ, ಬದಲಿಗೆ ಗೋಧಿ ಹೊರಗೆ ಹೋಗುತ್ತದೆ. ಆ ರೂಪಾಯಿ ಅದೇ ವರ್ಷ ಅಣೆಕಟ್ಟಿಗೋ ರಸ್ತೆಗೋ ಖರ್ಚಾದರೆ ಕೂಲಿಯವರ ಕೈಗೆ ಹೋದ ಹಣಕ್ಕೆ ಎದುರಾಗಿ ಗೋಧಿ ಇರುತ್ತದೆ, ಬೆಲೆ ಏರುವುದಿಲ್ಲ. ಆದರೆ ಅಮೆರಿಕ ಹತ್ತು ವರ್ಷ ಬಿಟ್ಟು ತನ್ನ ಹಕ್ಕು ಚಲಾಯಿಸಿ ಖರ್ಚು ಮಾಡಿದರೆ? ಗೋಧಿ ಎಂದೋ ಜೀರ್ಣವಾಗಿದೆ. ಸರ್ಕಾರ ಆ ಹಣಕ್ಕಾಗಿ ಹೊಸದಾಗಿ ಸಾಲ ಎತ್ತಬೇಕು, ಇಲ್ಲವೇ ನೋಟು ಅಚ್ಚು ಹಾಕಬೇಕು. ಬೆಲೆಯ ಮೇಲೆ ಆಗುವ ಪರಿಣಾಮ ಬರೀ ನೋಟು ಅಚ್ಚು ಹಾಕಿದಂತೆಯೇ.

ಅಮೆರಿಕಕ್ಕೂ ಇದು ಗಟ್ಟಿ ಆಸ್ತಿಯೇನಲ್ಲ. 1966ರ ಜೂನ್ 6ರಂದು ರೂಪಾಯಿ ಅಪಮೌಲ್ಯವಾಗಿ ಡಾಲರಿಗೆ 7 ರೂಪಾಯಿ 50 ಪೈಸೆಯಾಯಿತು. ಖಾತೆಯಲ್ಲಿದ್ದ ಪ್ರತಿ 4 ಲಕ್ಷ 76 ಸಾವಿರ ರೂಪಾಯಿ ಹಿಂದಿನ ದಿನ 1 ಲಕ್ಷ ಡಾಲರ್ ಆಗಿದ್ದದ್ದು ಮರುದಿನ ಸುಮಾರು 63,500ಕ್ಕೆ ಇಳಿಯಿತು.

ಹೀಗೆ ಬಳಸಿ ಮುಗಿಯದಷ್ಟು ಸ್ಥಳೀಯ ಹಣ ಸೇರಿದ ದೇಶಗಳನ್ನು ಅಮೆರಿಕದ ಖಜಾನೆ ‘ಹೆಚ್ಚುವರಿ ನಾಣ್ಯದ ದೇಶ’ ಎಂದು ಗುರುತಿಸುತ್ತಿತ್ತು. ಭಾರತ, ಪಾಕಿಸ್ತಾನ, ಈಜಿಪ್ಟ್ ಆ ಪಟ್ಟಿಯಲ್ಲಿದ್ದವು. ಅಮೆರಿಕದ ವಿದ್ವಾಂಸರೂ ಗ್ರಂಥಪಾಲಕರೂ ಕಿವಿ ನಿಮಿರಿಸಿದ್ದು ಇಲ್ಲಿಯೇ.

ಪುಸ್ತಕ ಅತ್ತ, ಪುಸ್ತಕ ಇತ್ತ

ಶಿಕ್ಷಣದ ನಂಟು ಪಿಎಲ್ 480ಕ್ಕಿಂತ ಹಳೆಯದು. ಫುಲ್‌ಬ್ರೈಟ್ ಒಪ್ಪಂದಕ್ಕೆ ನೆಹರೂ ಮತ್ತು ರಾಯಭಾರಿ ಲಾಯ್ ಹೆಂಡರ್‌ಸನ್ ಸಹಿ ಹಾಕಿದ್ದು 1950ರ ಫೆಬ್ರವರಿ 2ರಂದು. ಎರಡೂ ದೇಶಗಳ ವಿದ್ವಾಂಸರು, ವಿದ್ಯಾರ್ಥಿಗಳು ಅತ್ತಿತ್ತ ಹೋಗಿ ಓದಲು ನೆರವಾಗುವ ಆ ಯೋಜನೆಯ ಮೊದಲ ಬಂಡವಾಳ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಬೇರೆ ದೇಶಗಳಲ್ಲಿ ಮಾರಿದ ಯುದ್ಧಸಾಮಗ್ರಿಯ ಹಣ. ಅದೂ ಆಯಾ ದೇಶದ ನಾಣ್ಯದಲ್ಲೇ ಇತ್ತು.

1951ರಲ್ಲಿ, ಇನ್ನೂ ಪಿಎಲ್ 480 ಹುಟ್ಟುವ ಮೊದಲು, ಬರದ ಹೊತ್ತಿಗೆ ಅಮೆರಿಕ ಭಾರತಕ್ಕೆ 19 ಕೋಟಿ ಡಾಲರ್ ಗೋಧಿ ಸಾಲ ಕೊಟ್ಟಿತು. ಇದು ಡಾಲರಿನಲ್ಲೇ ತೀರಿಸಬೇಕಾದ ಸಾಲ. ಅದರ ಬಡ್ಡಿಯಲ್ಲಿ ಮೊದಲ 50 ಲಕ್ಷ ಡಾಲರನ್ನು ಶಿಕ್ಷಣ ವಿನಿಮಯಕ್ಕೆ ಬಳಸಬಹುದೆಂದು ಕಾನೂನಿನಲ್ಲೇ ಬರೆದಿದ್ದರು. ಆ ಹಣದಿಂದ ಅಮೆರಿಕದ ಪುಸ್ತಕಗಳು, ಪ್ರಯೋಗಾಲಯದ ಉಪಕರಣಗಳು ಭಾರತದ ವಿಶ್ವವಿದ್ಯಾಲಯಗಳಿಗೆ ಬಂದವು. ಹತ್ತು ವರ್ಷದ ನಂತರ ರೂಪಾಯಿ ಹಣದಿಂದ ಪುಸ್ತಕಗಳು ಎದುರು ದಿಕ್ಕಿಗೆ ಹೊರಟವು. ಡಾಲರ್ ಬಡ್ಡಿ ಅಮೆರಿಕದಲ್ಲಷ್ಟೇ ಸಾಮಾನು ಕೊಳ್ಳಬಲ್ಲದು, ರೂಪಾಯಿ ಭಾರತದಲ್ಲಷ್ಟೇ. ಜ್ಞಾನ ಯಾವ ಕಡೆ ಹರಿಯಬೇಕೆಂದು ತೀರ್ಮಾನಿಸಿದ್ದು ನಾಣ್ಯ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಇದೇ.

ಪಿಎಲ್ 480ರ ಪಟ್ಟಿಗೆ ಪುಸ್ತಕ ಸೇರಿದ್ದು 1958ರಲ್ಲಿ, ಸಂಸದ ಜಾನ್ ಡಿಂಗೆಲ್ ತಂದ ತಿದ್ದುಪಡಿಯಿಂದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹೆಚ್ಚುವರಿ ನಾಣ್ಯದಿಂದ ಪುಸ್ತಕ ಕೊಂಡು ತನ್ನ ದೇಶದ ಗ್ರಂಥಾಲಯಗಳಿಗೆ ಹಂಚಬಹುದು ಎಂಬುದು ಅದರ ಸಾರ. ಹಣ ಮಂಜೂರಾಗಲು ಮೂರು ವರ್ಷ ಹಿಡಿಯಿತು. 1962ರಲ್ಲಿ ದೆಹಲಿ ಕಚೇರಿ ಕೆಲಸ ಶುರುಮಾಡಿ, ಆ ಜುಲೈನಿಂದ ಕೊಂಡ ಪುಸ್ತಕಗಳ ಪಟ್ಟಿಯನ್ನೂ ಅಚ್ಚು ಮಾಡತೊಡಗಿತು.

ಕೊಳ್ಳುವ ಕ್ರಮ ಸರಳ. ಪ್ರತಿ ಭಾಷೆಗೂ ಪುಸ್ತಕ ವ್ಯಾಪಾರಿಗಳು ಗೊತ್ತಿದ್ದರು. ಹೊಸದಾಗಿ ಅಚ್ಚಾದದ್ದನ್ನು ಅವರು ಕಳಿಸಬೇಕು. ದೆಹಲಿಯಲ್ಲಿ ಆರಿಸಿ, ಭಾಗವಹಿಸಿದ ಗ್ರಂಥಾಲಯಗಳ ಲೆಕ್ಕದಂತೆ ಹಲವು ಪ್ರತಿ ಕೊಳ್ಳಬೇಕು. ಅಲ್ಲೇ ಕ್ಯಾಟಲಾಗ್, ಅಲ್ಲೇ ಬೈಂಡಿಂಗ್, ಪತ್ರಿಕೆಗಳಾದರೆ ಅಲ್ಲೇ ಮೈಕ್ರೋಫಿಲ್ಮ್. ಇದೆಲ್ಲವೂ ರೂಪಾಯಿಯಲ್ಲಿ ಆಗುವ ಕೆಲಸ ಎಂಬುದನ್ನು ಗಮನಿಸಿ. ಸಾವಿರ ಪ್ರತಿ ಅಚ್ಚು ಹಾಕಿ ಮಾರಾಟಕ್ಕೆ ಹೆಣಗುವ ಕನ್ನಡ ಪ್ರಕಾಶಕನಿಗೆ ಒಂದೇ ಬಾರಿಗೆ ಹತ್ತಾರು ಪ್ರತಿ ನಗದಿಗೆ ಹೋಗುವುದು ಸಣ್ಣ ಸಂಗತಿಯಲ್ಲ.

ತೊಡಕುಗಳೂ ಇದ್ದವು. ಕನ್ನಡ ಪುಸ್ತಕದ ಲೇಖಕ ಯಾರೆಂದು ಬರೆಯುವುದೇ ಕ್ಯಾಟಲಾಗಿನವರಿಗೆ ಕಷ್ಟ. ಇನಿಷಿಯಲ್ ಊರಿನದೋ ತಂದೆಯದೋ? ಹೆಸರಿನ ಕೊನೆಯ ಪದ ಮನೆತನದ್ದೋ ವ್ಯಕ್ತಿಯದೋ? ಬೇಂದ್ರೆಯವರನ್ನು ಬೇಂದ್ರೆ ಎಂದೇ ಹಾಕಬಹುದು, ಕೆ. ವಿ. ಪುಟ್ಟಪ್ಪ ಮತ್ತು ಕುವೆಂಪು ಒಬ್ಬರೇ ಎಂದು ಗೊತ್ತಿಲ್ಲದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ಎಷ್ಟೋ ಪುಸ್ತಕಗಳಲ್ಲಿ ಪ್ರಕಟಣೆಯ ವರ್ಷವೇ ಇರುತ್ತಿರಲಿಲ್ಲ. ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚು. ಮೂವತ್ತು ನಲವತ್ತು ವರ್ಷಕ್ಕೆ ಹಾಳೆ ಹಳದಿಯಾಗಿ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ: ಅಮೆರಿಕದ ಹತ್ತಾರು ಗ್ರಂಥಾಲಯಗಳಿಗೆ ಪ್ರತಿ ಹೋಯಿತು, ಅದೇ ಶಿಸ್ತಿನಲ್ಲಿ ಇಲ್ಲಿನ ಗ್ರಂಥಾಲಯಗಳಿಗಾಗಿ ಕೊಂಡು ಕಾಪಾಡುವವರಿರಲಿಲ್ಲ. ಅದು ಅಮೆರಿಕದ ತಪ್ಪಲ್ಲ.

ಜನರ ಓಡಾಟದಲ್ಲೂ ರೂಪಾಯಿ–ಡಾಲರ್ ಗೆರೆ ಹಾಗೇ ಕಾಣುತ್ತದೆ. ಭಾರತಕ್ಕೆ ಬಂದ ಅಮೆರಿಕನ್ ಸಂಶೋಧಕನ ಊಟ, ಬಾಡಿಗೆ, ಭಾಷೆ ಕಲಿಸುವ ಮೇಷ್ಟರ ಸಂಬಳ ಎಲ್ಲ ರೂಪಾಯಿಯಲ್ಲಿ ಸಾಗುತ್ತದೆ. 1961ರಲ್ಲಿ ಶುರುವಾಗಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಕಲಿಸುತ್ತ ಬಂದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಬೆಳೆದದ್ದು ಈ ಹಣದ ಆಸರೆಯಲ್ಲಿ. ಅತ್ತ ಹೋಗುವ ಭಾರತೀಯನಿಗೆ ಮಾತ್ರ ರೂಪಾಯಿಯಲ್ಲಿ ಕೊಡಿಸಬಹುದಾದದ್ದು ಪ್ರಯಾಣದ ಟಿಕೆಟ್ಟು. ಅಲ್ಲಿನ ಊಟ, ವಸತಿ, ಫೀಸಿಗೆ ಡಾಲರ್ ಬೇಕು. ಅದಕ್ಕೆ ಅಮೆರಿಕದ ವಿಶ್ವವಿದ್ಯಾಲಯದ ಸಹಾಯವೇತನವೋ ಬೇರೆ ಡಾಲರ್ ನಿಧಿಯೋ ಜೊತೆಗೂಡಬೇಕು. ಎ. ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಫುಲ್‌ಬ್ರೈಟ್ ವಿದ್ವಾಂಸರಾಗಿ. ಮುಂದೆ ಅವರು ನೆಲೆಸಿದ ಷಿಕಾಗೊ ವಿಶ್ವವಿದ್ಯಾಲಯದ ಕಪಾಟುಗಳಿಗೆ ಕನ್ನಡ ಪುಸ್ತಕಗಳು ಬಂದು ಬೀಳುತ್ತಿದ್ದದ್ದು ಗೋಧಿಯ ರೂಪಾಯಿಯಿಂದ.

ಹೋಲಿಕೆಗೆ ಕಾನ್ಪುರದ ಐಐಟಿ ನೋಡಿ. 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳ ಕೂಟ ಅದನ್ನು ಕಟ್ಟಲು ಕೈಜೋಡಿಸಿತು. 1963ರಲ್ಲೇ ಐಬಿಎಂ 1620 ಕಂಪ್ಯೂಟರ್ ಬಂತು. ಕಂಪ್ಯೂಟರನ್ನಾಗಲಿ ಅಮೆರಿಕನ್ ಪ್ರೊಫೆಸರರ ಸಂಬಳವನ್ನಾಗಲಿ ಗೋಧಿಯ ರೂಪಾಯಿಯಲ್ಲಿ ಕೊಳ್ಳಲಾಗದು. ಅದಕ್ಕೆ ನಿಜವಾದ ಡಾಲರ್ ನೆರವು ಬೇಕಿತ್ತು.

ಕೃಷಿ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಕರ್ನಾಟಕಕ್ಕೆ ನೇರ ನಂಟಿದೆ. ಆರು ಅಮೆರಿಕನ್ ವಿಶ್ವವಿದ್ಯಾಲಯಗಳನ್ನು ಭಾರತದ ರಾಜ್ಯಗಳೊಡನೆ ಜೋಡಿಸಿದ್ದರು. ಇಲಿನಾಯ್ ಆಗಿನ ಉತ್ತರ ಪ್ರದೇಶದ ಪಂತನಗರಕ್ಕೆ, ಟೆನೆಸಿ ಆಗಿನ ಮೈಸೂರು ರಾಜ್ಯಕ್ಕೆ. ಹೆಬ್ಬಾಳದಲ್ಲಿ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯದ ಮೊದಲ ಕುಲಪತಿ ಡಾ. ಕೆ. ಸಿ. ನಾಯಕ್. ಟೆನೆಸಿಯಿಂದ ಬಂದದ್ದು ಒಂದು ಮಾದರಿ: ಪಾಠ, ಸಂಶೋಧನೆ, ರೈತರಿಗೆ ತಲುಪಿಸುವ ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬುದು. ಅದಕ್ಕೂ ಮೊದಲು ಕೃಷಿ ಕಾಲೇಜು ಬೇರೆ, ಸಂಶೋಧನೆ ಇಲಾಖೆಯದು, ರೈತನ ಬಳಿ ಹೋಗುವವರು ಇನ್ಯಾರೋ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದೇ ಬಳ್ಳಿಯಿಂದ 1986ರಲ್ಲಿ ಬೇರೆಯಾಯಿತು.

ಹಗ್ಗ ಬಿಗಿದಾಗ

ಗೋಧಿ ಕೊಡುವವನ ಕೈಯಲ್ಲಿ ಹಗ್ಗವೂ ಇರುತ್ತದೆ. 1964–65ರಲ್ಲಿ 8.9 ಕೋಟಿ ಟನ್ ಇದ್ದ ಭಾರತದ ಆಹಾರಧಾನ್ಯದ ಬೆಳೆ ಮರುವರ್ಷ ಬರಕ್ಕೆ ಸಿಕ್ಕಿ 7.2 ಕೋಟಿಗೆ ಕುಸಿಯಿತು. ಅದರ ಮರುವರ್ಷವೂ ಬರ. ಸರಿಯಾಗಿ ಆ ಹೊತ್ತಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘ ಒಪ್ಪಂದಗಳ ಬದಲು ಕೆಲವೇ ತಿಂಗಳಿಗಾಗುವಷ್ಟು ಧಾನ್ಯವನ್ನು ಮಾತ್ರ ಬಿಡುಗಡೆ ಮಾಡತೊಡಗಿದರು. ಹಡಗಿನಿಂದ ಇಳಿದದ್ದು ನೇರ ಬಾಯಿಗೆ ಎಂಬ ಸ್ಥಿತಿ. 1965ರ ನವೆಂಬರಿನಲ್ಲಿ ಆಹಾರ ಸಚಿವ ಸಿ. ಸುಬ್ರಮಣ್ಯಂ ಮತ್ತು ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ರೋಮಿನಲ್ಲಿ ಸದ್ದಿಲ್ಲದೆ ಒಂದು ಒಪ್ಪಂದಕ್ಕೆ ಬಂದರು; ಗೊಬ್ಬರ, ಹೊಸ ಬೀಜ, ಕೃಷಿಗೆ ಹೆಚ್ಚು ಬಂಡವಾಳ ಎಂಬುವು ಭಾರತ ಕೊಟ್ಟ ಮಾತು. ಸುಬ್ರಮಣ್ಯಂ ಅವರಿಗೆ ಅವು ಹೇಗೂ ಮಾಡಬೇಕೆಂದಿದ್ದ ಕೆಲಸಗಳೇ. ಆದರೂ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ದೆಹಲಿ ಟೀಕಿಸಿದಾಗಲೆಲ್ಲ ವಾಷಿಂಗ್ಟನ್ನಿನಲ್ಲಿ ಕಡತ ನಿಧಾನವಾಗುತ್ತಿತ್ತು.

1966ರ ತಿದ್ದುಪಡಿ ಇನ್ನೂ ಬಿಗಿಯಾಗಿತ್ತು: ಸ್ಥಳೀಯ ನಾಣ್ಯದ ಮಾರಾಟವನ್ನು 1971ರ ಕೊನೆಯೊಳಗೆ ನಿಲ್ಲಿಸಿ ಡಾಲರ್ ಸಾಲಕ್ಕೆ ಬದಲಾಗಬೇಕು, ಕ್ಯೂಬಾ, ಉತ್ತರ ವಿಯೆಟ್ನಾಮಿನ ಜೊತೆ ವ್ಯಾಪಾರ ಮಾಡುವ ದೇಶಕ್ಕೆ ಗೋಧಿ ಇಲ್ಲ. ಈ ಕೊನೆಯ ಷರತ್ತಿನ ಕ್ರೂರ ಮುಖ ಕಂಡದ್ದು ಬಾಂಗ್ಲಾದೇಶದಲ್ಲಿ. ಅದು ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತ್ತು. 1974ರ ಕ್ಷಾಮದ ವರ್ಷದಲ್ಲೇ ಆ ಕಾರಣಕ್ಕೆ ಅಮೆರಿಕದ ಧಾನ್ಯ ತಡೆದು ನಿಂತಿತು.

ಭಾರತದಲ್ಲಿ ರಾಜಕೀಯ ಅನುಮಾನ ಇನ್ನೊಂದು ಬಗೆಯಲ್ಲಿ ಹೊಗೆಯಾಡಿತು. 1966ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ಅಮೆರಿಕಕ್ಕೆ ಹೋದಾಗ, 30 ಕೋಟಿ ಡಾಲರಿಗೆ ಸಮನಾದ ರೂಪಾಯಿಯಿಂದ ಭಾರತ–ಅಮೆರಿಕ ಶಿಕ್ಷಣ ಪ್ರತಿಷ್ಠಾನ ಕಟ್ಟೋಣವೆಂದು ಜಾನ್ಸನ್ ಘೋಷಿಸಿದರು. ನಮ್ಮ ವಿಶ್ವವಿದ್ಯಾಲಯಗಳ ಲಗಾಮು ಅವರ ಕೈಗೆ ಹೋಗುತ್ತದೆಂದು ಇಲ್ಲಿ ಗದ್ದಲವೆದ್ದು ಯೋಜನೆ ಬಿದ್ದುಹೋಯಿತು. ಅಗ್ಗದ ಗೋಧಿಯಿಂದ ನಮ್ಮ ರೈತನ ಬೆಲೆ ಕುಸಿಯುತ್ತದೆಂಬ ವಾದವನ್ನು ಅರ್ಥಶಾಸ್ತ್ರಜ್ಞ ಥಿಯೋಡರ್ ಷುಲ್ಟ್ಸ್ 1960ರಲ್ಲೇ ಮುಂದಿಟ್ಟಿದ್ದರು. ಅದು ಎಷ್ಟು ನಿಜವೆಂಬ ಜಗಳ ಇನ್ನೂ ಮುಗಿದಿಲ್ಲ. ಎಲ್ಲರೂ ನಂಬುವ ಇನ್ನೊಂದು ಆರೋಪ ಮಾತ್ರ ಪಂಚಾಂಗಕ್ಕೆ ಹೊಂದುವುದಿಲ್ಲ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಪಿಎಲ್ 480 ಗೋಧಿಯ ಜೊತೆ ಬಂತೆನ್ನುತ್ತಾರೆ. ಪುಣೆಯಲ್ಲಿ ಆ ಗಿಡ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು 1955ರಲ್ಲಿ. ಭಾರತದ ಮೊದಲ ಪಿಎಲ್ 480 ಒಪ್ಪಂದವಾದದ್ದು 1956ರ ಆಗಸ್ಟಿನಲ್ಲಿ. ಧಾನ್ಯದ ಜೊತೆಯೇ ಬಂದಿದ್ದರೆ ಅದು ಅದಕ್ಕಿಂತ ಮುಂಚಿನ ಆಮದಾಗಿರಬೇಕು.

1,664 ಕೋಟಿಯ ಚೆಕ್

1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಸಂಬಂಧ ಹಳಸಿತು, ರಿಯಾಯಿತಿ ಗೋಧಿಯೂ ನಿಂತಿತು. ಆದರೆ ರೂಪಾಯಿ ಖಾತೆ ಬಡ್ಡಿಯೊಡನೆ ಬೆಳೆಯುತ್ತಲೇ ಇತ್ತು. ಒಂದು ದೇಶದ ಹಣದ ದೊಡ್ಡ ಪಾಲು ಇನ್ನೊಂದು ದೇಶದ ಹೆಸರಿನಲ್ಲಿರುವುದು ಇಬ್ಬರಿಗೂ ಮುಜುಗರವೆಂದು ಅರಿತವರು ಆಗಿನ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್. 1974ರ ಫೆಬ್ರವರಿ 18ರಂದು ಅವರು ಭಾರತ ಸರ್ಕಾರಕ್ಕೆ 1,664 ಕೋಟಿ ರೂಪಾಯಿಯ ಚೆಕ್ ಕೊಟ್ಟರು; ಆಗಿನ ದರದಲ್ಲಿ 200 ಕೋಟಿ ಡಾಲರಿಗೂ ಮಿಗಿಲು. ಗಿನ್ನೆಸ್ ದಾಖಲೆಯಲ್ಲಿ ಅದು ಅತಿ ದೊಡ್ಡ ಚೆಕ್ ಎಂದು ಸೇರಿತು. ಕೊಟ್ಟದ್ದು ಭಾರತದ ಸಾಲವನ್ನು ಭಾರತಕ್ಕೇ ಬಿಟ್ಟುಕೊಟ್ಟ ಕಾಗದ. ಹೊಸ ಹಣವೇನೂ ಬರಲಿಲ್ಲ. ಪುಸ್ತಕದಲ್ಲಿದ್ದ ಹಕ್ಕನ್ನು ಒರೆಸಿದಂತಾಯಿತು ಅಷ್ಟೆ.

ಪೂರ್ತಿ ಒರೆಸಲಿಲ್ಲ. ಒಂದು ಪಾಲನ್ನು ಅಮೆರಿಕ ತನ್ನ ಇಲ್ಲಿನ ಖರ್ಚಿಗೆ ಉಳಿಸಿಕೊಂಡಿತು. 1980ರ ದಶಕದ ನಡುವಿನ ಹೊತ್ತಿಗೆ ಪುಸ್ತಕ ಯೋಜನೆಯ ರೂಪಾಯಿ ತೀರಿ, ಅಮೆರಿಕದ ಗ್ರಂಥಾಲಯಗಳು ಸ್ವಂತ ಡಾಲರ್ ಕೊಟ್ಟು ಕೊಳ್ಳತೊಡಗಿದವು; ಕೊಳ್ಳುವ ಪ್ರತಿಗಳೂ ಗ್ರಂಥಾಲಯಗಳೂ ಕಡಿಮೆಯಾದವು. ದೆಹಲಿ ಕಚೇರಿ ಮುಂದುವರಿಯಿತು. 1987ರಲ್ಲಿ ಮಿಕ್ಕ ರೂಪಾಯಿಯಿಂದ 11 ಕೋಟಿ ಡಾಲರಿಗೆ ಸಮನಾದ ಭಾರತ–ಅಮೆರಿಕ ನಿಧಿ ಮಾಡಿ ಶಿಕ್ಷಣ, ಸಂಸ್ಕೃತಿ, ವಿಜ್ಞಾನದ ಕೆಲಸಗಳಿಗೆ ಹತ್ತು ವರ್ಷ ಬಳಸಿದರು. ಅದರ ತಳದಲ್ಲಿ ಉಳಿದದ್ದೇ 2000ದಲ್ಲಿ ಸ್ಥಾಪನೆಯಾದ ಇಂಡೋ–ಯುಎಸ್ ವಿಜ್ಞಾನ ತಂತ್ರಜ್ಞಾನ ವೇದಿಕೆಯ ಮೂಲಧನ. ಫುಲ್‌ಬ್ರೈಟಿನ ಏರ್ಪಾಡು 2008ರಲ್ಲಿ ಬದಲಾಯಿತು. ಈಗ ಅದು ಫುಲ್‌ಬ್ರೈಟ್–ನೆಹರೂ, ಎರಡು ಸರ್ಕಾರಗಳೂ ಸಮಪಾಲು ಹಾಕುತ್ತವೆ.

ಆ ಪುಸ್ತಕಗಳನ್ನು ಹುಡುಕುವುದು ಹೇಗೆ

ವರ್ಲ್ಡ್‌ಕ್ಯಾಟ್ (ಹಲವು ದೇಶಗಳ ಗ್ರಂಥಾಲಯಗಳ ಒಟ್ಟು ಕ್ಯಾಟಲಾಗ್) ಅಥವಾ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ಯಾಟಲಾಗಿನಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕಿ ‘ಸಿಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಸೋಲುವುದು ಕಾಗುಣಿತದಲ್ಲಿ. ಆ ದಾಖಲೆಗಳು ಬಹಳಷ್ಟು ರೋಮನ್ ಲಿಪಿಯಲ್ಲಷ್ಟೇ ಇವೆ. ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೆ ಕಾಣುವುದಿಲ್ಲ. ರೋಮನ್ನಿನಲ್ಲೂ ನಾವು ಮೊಬೈಲಿನಲ್ಲಿ ಬರೆಯುವಂತೆ ಬರೆದರೆ ಕೈಕೊಡುತ್ತದೆ. ಅಲ್ಲಿ ‘ಚ’ಕ್ಕೆ ಬರೀ ‘ಸಿ’ ಅಕ್ಷರ. ‘ಸಿ’ ಪಕ್ಕ ‘ಎಚ್’ ಹಾಕಿದರೆ ಅದು ‘ಛ’. ‘ಶ’, ‘ಷ’ ಎರಡಕ್ಕೂ ‘ಎಸ್’ ಅಕ್ಷರಕ್ಕೆ ಮೇಲೋ ಕೆಳಗೋ ಗುರುತು, ‘ಎಚ್’ ಇಲ್ಲ. ದೀರ್ಘಕ್ಕೆ ಅಕ್ಷರ ಎರಡು ಸಲ ಬರೆಯುವುದಿಲ್ಲ, ಮೇಲೊಂದು ಗೆರೆ. ಗುರುತುಗಳನ್ನು ಹುಡುಕುವಾಗ ಬಿಟ್ಟರೂ ನಡೆಯುತ್ತದೆ, ಅಕ್ಷರ ಮಾತ್ರ ಸರಿಯಿರಬೇಕು. ಹಾಗಾಗಿ ‘ಚಂದ್ರಶೇಖರ’ ಎಂದು ಹುಡುಕಲು ಮೊದಲಿಗೆ ‘ಸಿ’, ನಡುವೆ ಒಂಟಿ ‘ಎಸ್’.

ಶೀರ್ಷಿಕೆ ಸಿಗದಿದ್ದರೆ ಲೇಖಕರ ಹೆಸರನ್ನು ಕಾವ್ಯನಾಮ, ಪೂರ್ಣನಾಮ, ಮನೆತನದ ಹೆಸರು ಹೀಗೆ ಮೂರು ಬಗೆಯಲ್ಲಿ ಹಾಕಿ ನೋಡಿ. ಸಿಕ್ಕ ಪುಸ್ತಕಕ್ಕೆ, ಗ್ರಂಥಾಲಯಗಳ ಸ್ಕ್ಯಾನ್ ಪ್ರತಿಗಳನ್ನು ಒಟ್ಟುಗೂಡಿಸಿರುವ ಹಾತಿಟ್ರಸ್ಟ್ ಜಾಲತಾಣದಲ್ಲಿ ಡಿಜಿಟಲ್ ಪ್ರತಿ ಇದೆಯೇ ಎಂದೂ ನೋಡಬಹುದು. ಹಕ್ಕುಸ್ವಾಮ್ಯ ಮುಗಿಯದವು ಅಲ್ಲಿ ಓದಲು ತೆರೆಯುವುದಿಲ್ಲ, ಆದರೆ ಇಂಥ ಪದ ಇಂಥ ಪುಟದಲ್ಲಿದೆ ಎಂದು ಕೆಲವು ಸಲ ಹೇಳುತ್ತವೆ. ಪುಟದ ಸಂಖ್ಯೆ ಕೈಯಲ್ಲಿದ್ದರೆ ಆ ಪುಸ್ತಕವಿರುವ ಗ್ರಂಥಾಲಯದ ದಕ್ಷಿಣ ಏಷ್ಯಾ ವಿಭಾಗಕ್ಕೆ ಬರೆದು ಸ್ಕ್ಯಾನ್ ಪ್ರತಿ ಸಿಗುತ್ತದೆಯೇ ಎಂದು ಕೇಳಬಹುದು. ಹೀಗೆ ಕೇಳುವಾಗ ಕ್ಯಾಟಲಾಗಿನಲ್ಲಿರುವ ರೋಮನ್ ಶೀರ್ಷಿಕೆಯನ್ನು ಹಾಗೆಯೇ ನಕಲು ಮಾಡಿ ಕಳಿಸಿ. ನಿಮ್ಮ ಕಾಗುಣಿತದಲ್ಲಿ ಬರೆದರೆ ಅವರಿಗೂ ಸಿಗುವುದಿಲ್ಲ.